ಮೆಲುದನಿಯ ಎಲ್‌ಪಿಗಳು

1950ರ ದಶಕದ ಆರಂಭದಿಂದ 1960ರ ದಶಕದ ನಡುಭಾಗದವರೆಗೆ ಅಮೆರಿಕದಲ್ಲಿ ಹೊರಬಂದ ಒಂದು ಬಗೆಯ ಗಾಯನದ ಧ್ವನಿಮುದ್ರಿಕೆಗಳು ತಮ್ಮ ಕಾಲದಲ್ಲಿ ಲಕ್ಷಗಟ್ಟಲೆ ಮಾರಾಟವಾಗಿ, ಆಮೇಲೆ ಹಿಂದಿನ ತಲೆಮಾರಿನವರ ಗೀಳೆಂದು ಮೂಲೆ ಸೇರಿ, ಈಗ ಮತ್ತೆ ಹೊಸ ಕೇಳುಗರನ್ನು ಪಡೆಯುತ್ತಿವೆ. ಫ್ರಾಂಕ್ ಸಿನಾಟ್ರಾ, ನ್ಯಾಟ್ ಕಿಂಗ್ ಕೋಲ್, ಪೆರ್ರಿ ಕೋಮೊ, ಡೀನ್ ಮಾರ್ಟಿನ್, ಜಾನಿ ಮ್ಯಾಥಿಸ್ ಮೊದಲಾದ ಈ ಗಾಯಕರನ್ನು ‘ಕ್ರೂನರ್’ಗಳೆಂದು ಕರೆಯುವುದು ರೂಢಿ. ಮೈಕ್ರೊಫೋನಿಗೆ ತೀರ ಹತ್ತಿರ ನಿಂತು, ದನಿಯನ್ನು ಎತ್ತರಿಸದೆ, ಎದುರಿಗಿರುವ ಒಬ್ಬರೊಡನೆ ಮಾತನಾಡುವಂತೆ ಹಾಡುವವರು ಇವರು. ಇವರ ಹಾಡುಗಳು ‘ಈಸಿ ಲಿಸನಿಂಗ್’, ಅಂದರೆ ಆಯಾಸವಿಲ್ಲದೆ ಕೇಳಬಹುದಾದ ಸಂಗೀತ ಎಂಬ ವರ್ಗಕ್ಕೆ ಸೇರಿದ್ದರಿಂದ, ಅವುಗಳನ್ನು ರೂಪಿಸುವುದೂ ಆಯಾಸವಿಲ್ಲದ ಕೆಲಸವಾಗಿತ್ತೆಂಬ ತಪ್ಪು ತಿಳಿವಳಿಕೆ ಬಹುಕಾಲ ಉಳಿಯಿತು. ಆ ಕಾಲದ ಅತ್ಯುತ್ತಮ ಆಲ್ಬಮ್‌ಗಳನ್ನು ಮೊದಲಿನಿಂದ ಕೊನೆಯವರೆಗೆ, ಮುದ್ರಿತವಾದ ಅನುಕ್ರಮದಲ್ಲೇ ಕೇಳಿದವರಿಗೆ ಬೇರೆಯೇ ಚಿತ್ರ ದೊರೆಯುತ್ತದೆ. ಹನ್ನೆರಡು ಅಥವಾ ಹದಿನಾರು ಹಾಡುಗಳನ್ನು ಒಂದೇ ಭಾವದ ಎಳೆಯಲ್ಲಿ ಕಟ್ಟಿ, ಮುಕ್ಕಾಲು ಗಂಟೆಯ ಒಂದು ಕೃತಿಯನ್ನಾಗಿ ನಿಲ್ಲಿಸುವ ಕಲೆಯನ್ನು ಜನಪ್ರಿಯ ಸಂಗೀತಕ್ಕೆ ಕಲಿಸಿದವರಲ್ಲಿ ಈ ಗಾಯಕರೂ ಅವರ ವಾದ್ಯಸಂಯೋಜಕರೂ ಮೊದಲಿಗರು.

ಈ ಶೈಲಿಯ ಹುಟ್ಟಿಗೆ ಕಾರಣ ಒಂದು ಯಂತ್ರ. 1925ಕ್ಕೆ ಮೊದಲು ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಹಾಡಬೇಕಿತ್ತು. ದನಿಯ ಒತ್ತಡ ಕಹಳೆಯ ತುದಿಯಲ್ಲಿದ್ದ ತೆಳುಪೊರೆಯನ್ನು ಅಲುಗಿಸಿ, ಅದಕ್ಕೆ ಜೋಡಿಸಿದ ಸೂಜಿ ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತಿತ್ತು. ಆ ಏರ್ಪಾಟಿನಲ್ಲಿ ಉಳಿಯುತ್ತಿದ್ದದ್ದು ಗಟ್ಟಿ ಕಂಠ ಮಾತ್ರ. ಮೆಲ್ಲಗೆ ಹಾಡಿದ್ದು ಅಳಿಸಿಹೋಗುತ್ತಿತ್ತು. 1925ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳಾದ ವಿಕ್ಟರ್ ಮತ್ತು ಕೊಲಂಬಿಯಾ ವಿದ್ಯುತ್ ಧ್ವನಿಮುದ್ರಣಕ್ಕೆ ತಿರುಗಿದ ಮೇಲೆ ಮೈಕ್ರೊಫೋನು ದನಿಯನ್ನು ವಿದ್ಯುತ್ತಾಗಿ ಮಾರ್ಪಡಿಸಿ ವರ್ಧಿಸತೊಡಗಿತು, ಉಸಿರಿನ ಸದ್ದು ಕೂಡ ತಟ್ಟೆಯಲ್ಲಿ ಉಳಿಯುವಂತಾಯಿತು. 1930ರ ದಶಕದ ಆರಂಭದಲ್ಲಿ ಆರ್‌ಸಿಎ ಕಂಪನಿ ತಂದ ರಿಬ್ಬನ್ ಮೈಕ್ರೊಫೋನಿಗೆ ಇನ್ನೊಂದು ಗುಣವೂ ಇತ್ತು. ಬಾಯಿ ಹತ್ತಿರವಾದಷ್ಟೂ ಅದು ಮಂದ್ರದ ಸ್ವರಗಳನ್ನು ಹೆಚ್ಚು ಮಾಡಿ ಕೇಳಿಸುತ್ತಿತ್ತು. ಧ್ವನಿ ತಂತ್ರಜ್ಞರು ಸಾಮೀಪ್ಯ ಪರಿಣಾಮವೆಂದು ಕರೆಯುವ ಈ ಗುಣದಿಂದಾಗಿ, ಹತ್ತಿರ ನಿಂತು ಮೆಲ್ಲಗೆ ಹಾಡಿದ ದನಿಗೆ ತಾನಾಗಿಯೇ ಒಂದು ತುಂಬುತನ ಬರುತ್ತಿತ್ತು. ಈ ಯಂತ್ರದ ಸ್ವಭಾವವನ್ನು ಮೊದಲು ಪೂರ್ಣವಾಗಿ ಅರಿತು ದುಡಿಸಿಕೊಂಡವರು ಬಿಂಗ್ ಕ್ರಾಸ್ಬಿ (1903–1977). ಹೀಗೆ ಕಿವಿಯ ಬಳಿ ಬಂದು ಹಾಡುವುದು ಕೆಲವರಿಗೆ ಅಸಭ್ಯವಾಗಿಯೂ ಕಂಡಿತು. ಬಾಸ್ಟನ್ನಿನ ಕಾರ್ಡಿನಲ್ ವಿಲಿಯಂ ಓಕಾನೆಲ್ 1932ರಲ್ಲಿ ಈ ಶೈಲಿಯನ್ನು ನೀತಿಗೆಟ್ಟದ್ದೆಂದು ಬಹಿರಂಗವಾಗಿ ಖಂಡಿಸಿದರು. ಖಂಡನೆಯ ತೀವ್ರತೆಯೇ ಆ ಮೆಲುದನಿ ಎಷ್ಟು ಹೊಸದಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿದೆ.

ಕ್ರಾಸ್ಬಿಯವರ ನಂತರದ ತಲೆಮಾರಿನ ಫ್ರಾಂಕ್ ಸಿನಾಟ್ರಾ 1915ರ ಡಿಸೆಂಬರ್ 12ರಂದು ನ್ಯೂಜೆರ್ಸಿಯ ಹೊಬೋಕನ್ನಿನಲ್ಲಿ ಇಟಲಿ ಮೂಲದ ಕುಟುಂಬದಲ್ಲಿ ಹುಟ್ಟಿ, 1940ರಿಂದ 1942ರವರೆಗೆ ಟಾಮಿ ಡಾರ್ಸಿಯವರ ವಾದ್ಯವೃಂದದಲ್ಲಿ ಹಾಡುತ್ತಿದ್ದರು. ಡಾರ್ಸಿ ಟ್ರೊಂಬೋನ್ ನುಡಿಸುವಾಗ ಒಂದು ಉಸಿರಿನ ಜಾಗದಲ್ಲಿ ಇನ್ನೊಂದು ಉಸಿರು ಸೇರಿದ್ದು ಕೇಳುಗರಿಗೆ ತಿಳಿಯದಂತೆ ದೀರ್ಘವಾಗಿ ಸ್ವರ ಹಿಡಿಯುತ್ತಿದ್ದುದನ್ನು ಹಿಂದೆ ಕುಳಿತು ಗಮನಿಸಿದ ಸಿನಾಟ್ರಾ, ಅದೇ ವಿದ್ಯೆಯನ್ನು ಕಂಠಕ್ಕೆ ತಂದುಕೊಂಡರು. ಉಸಿರಿನ ಶಕ್ತಿ ಹೆಚ್ಚಲೆಂದು ನೀರಿನೊಳಗೆ ಈಜುವ ಅಭ್ಯಾಸವನ್ನೂ ಮಾಡಿದರು. ಸಾಮಾನ್ಯ ಗಾಯಕರು ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುವ ಕಡೆ ಸಿನಾಟ್ರಾ ನಿಲ್ಲದೆ ಮುಂದಿನ ಸಾಲಿಗೆ ದಾಟುತ್ತಿದ್ದುದರಿಂದ, ಹಾಡಿನ ವಾಕ್ಯ ಪದ್ಯದ ಪಾದಕ್ಕೆ ಕಟ್ಟುಬೀಳದೆ ಮಾತಿನ ಅರ್ಥಕ್ಕೆ ತಕ್ಕಂತೆ ಸಾಗುತ್ತಿತ್ತು. ಅವರ ಗಾಯನದಲ್ಲಿ ಸಹಜವೆಂದು ತೋರುವ ಬಹುಪಾಲು ಅಂಶಗಳು ಹೀಗೆ ಸಾಧನೆಯಿಂದ ಬಂದವು.

ಗಾಯಕರು ವಾದ್ಯವೃಂದದ ನೆರಳಿನಿಂದ ಹೊರಬಂದು ತಾವೇ ಕೇಂದ್ರವಾಗಲು ಒಂದು ಮುಷ್ಕರವೂ ನೆರವಾಯಿತು. ಅಮೆರಿಕದ ವಾದ್ಯಗಾರರ ಸಂಘವು ತನ್ನ ಸದಸ್ಯರು ಧ್ವನಿಮುದ್ರಣದಲ್ಲಿ ಭಾಗವಹಿಸಬಾರದೆಂದು 1942ರ ಆಗಸ್ಟ್ 1ರಿಂದ ನಿರ್ಬಂಧ ಹೇರಿತು. ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ರಾಜಿಗೆ ಬಂದದ್ದು 1944ರ ನವೆಂಬರಿನಲ್ಲಿ. ಗಾಯಕರು ಆ ಸಂಘಕ್ಕೆ ಸೇರಿರಲಿಲ್ಲವಾದ್ದರಿಂದ ಆ ಅವಧಿಯಲ್ಲಿ ವಾದ್ಯಗಳಿಲ್ಲದೆ, ಹಿನ್ನೆಲೆಗೆ ಕಂಠಮೇಳವನ್ನಿಟ್ಟುಕೊಂಡು ಹಾಡಿದ ಹಾಡುಗಳು ಹೊರಬಂದವು, ಮತ್ತು ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಜನರಿಗೆ ವೃಂದದ ನಾಯಕರಿಗಿಂತ ಗಾಯಕರ ಹೆಸರೇ ಹೆಚ್ಚು ಪರಿಚಿತವಾಗಿತ್ತು.

ಆದರೆ ಆಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದು, ಹತ್ತು ಇಂಚಿನ ಒಂದು ಮಗ್ಗುಲಿಗೆ ಮೂರು ನಿಮಿಷದ ಒಂದೇ ಹಾಡು ಹಿಡಿಯುತ್ತಿತ್ತು. ಹಲವು ತಟ್ಟೆಗಳನ್ನು ಛಾಯಾಚಿತ್ರಗಳ ಪುಸ್ತಕದಂಥ ರಟ್ಟಿನ ಹೊದಿಕೆಯಲ್ಲಿ ಸೇರಿಸಿ ಮಾರುವುದನ್ನು ಆಲ್ಬಮ್ ಎನ್ನುತ್ತಿದ್ದರು. 1946ರಲ್ಲಿ ಸಿನಾಟ್ರಾ ಎಂಟು ಹಾಡುಗಳ ಅಂಥದೊಂದು ಸಂಪುಟವನ್ನು ತಂದಿದ್ದರಾದರೂ, ಕೇಳುವವರು ಪ್ರತಿ ಹಾಡಿಗೂ ಎದ್ದುಹೋಗಿ ತಟ್ಟೆಯನ್ನು ಮಗುಚಬೇಕಿತ್ತು ಅಥವಾ ಬದಲಿಸಬೇಕಿತ್ತು. 1948ರ ಜೂನ್‌ನಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತುವ, ಸಣ್ಣ ಗೀರಿನ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ದೀರ್ಘಾವಧಿ ತಟ್ಟೆಯನ್ನು, ಅಂದರೆ ಎಲ್‌ಪಿಯನ್ನು ಹೊರತಂದಾಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸುವಂತಾಯಿತು. ಮೊದಲಿಗೆ ಹನ್ನೆರಡು ಇಂಚಿನ ಎಲ್‌ಪಿ ಶಾಸ್ತ್ರೀಯ ಸಂಗೀತಕ್ಕೆ ಮೀಸಲಾಗಿದ್ದು, ಜನಪ್ರಿಯ ಗಾಯಕರಿಗೆ ಹತ್ತು ಇಂಚಿನದೇ ದೊರೆಯುತ್ತಿತ್ತು. ಆ ಭೇದ 1955ರ ಆಸುಪಾಸಿನಲ್ಲಿ ಅಳಿಯಿತು, ಮತ್ತು ಅದು ಅಳಿದ ಗಳಿಗೆಯಲ್ಲೇ ಈ ಪ್ರಕಾರದ ಶ್ರೇಷ್ಠ ಕೃತಿಗಳಲ್ಲೊಂದು ಹೊರಬಂದಿತು.

ಆ ಕೃತಿಯ ಹಿಂದೆ ಒಂದು ಕುಸಿತದ ಕಥೆಯಿದೆ. 1952ರ ಹೊತ್ತಿಗೆ ಸಿನಾಟ್ರಾ ಅವರ ಧ್ವನಿಮುದ್ರಿಕೆಗಳು ಮಾರಾಟವಾಗದೆ ಕೊಲಂಬಿಯಾ ಕಂಪನಿ ಒಪ್ಪಂದವನ್ನು ಮುಂದುವರಿಸಲಿಲ್ಲ. 1950ರಲ್ಲಿ ಗಂಟಲಿನಲ್ಲಿ ರಕ್ತಸ್ರಾವವಾಗಿ ದನಿಯೇ ನಿಂತುಹೋಗಿತ್ತು. ನಟಿ ಏವಾ ಗಾರ್ಡ್ನರ್ ಜೊತೆಗಿನ ಮದುವೆ ಒಡೆಯುತ್ತಿತ್ತು. 1953ರ ಮಾರ್ಚ್‌ನಲ್ಲಿ ಅವರನ್ನು ಸೇರಿಸಿಕೊಂಡದ್ದು ಹಾಲಿವುಡ್ಡಿನ ಕ್ಯಾಪಿಟಲ್ ರೆಕಾರ್ಡ್ಸ್. ಗೀತಕಾರ ಜಾನಿ ಮರ್ಸರ್ ಮತ್ತಿಬ್ಬರು 1942ರಲ್ಲಿ ಆರಂಭಿಸಿದ್ದ ಈ ಕಂಪನಿ, ಏಪ್ರಿಲ್ ಕೊನೆಯ ದಿನ ಸಿನಾಟ್ರಾ ಅವರನ್ನು ನೆಲ್ಸನ್ ರಿಡಲ್ ಎಂಬ ಮೂವತ್ತೊಂದು ವರ್ಷದ ವಾದ್ಯಸಂಯೋಜಕರೊಡನೆ ಕೂಡಿಸಿತು. ವಾದ್ಯಸಂಯೋಜಕನೆಂದರೆ ಹಾಡಿನ ಮಟ್ಟನ್ನು ಕಟ್ಟಿದವನಲ್ಲ. ಕಟ್ಟಿದ ಮಟ್ಟಿನ ಹಿಂದೆ ಯಾವ ವಾದ್ಯ, ಯಾವ ಗಳಿಗೆಯಲ್ಲಿ, ಯಾವ ಸ್ವರವನ್ನು, ಎಷ್ಟು ಮೆಲ್ಲಗೆ ನುಡಿಸಬೇಕೆಂದು ಒಂದೊಂದು ಸ್ವರವನ್ನೂ ಕಾಗದದ ಮೇಲೆ ಬರೆಯುವವನು. ಈ ಗಾಯಕರು ಹಾಡುತ್ತಿದ್ದದ್ದು ಹೆಚ್ಚಾಗಿ 1920ರಿಂದ 1940ರ ದಶಕಗಳಲ್ಲಿ ಜೆರೋಮ್ ಕರ್ನ್, ಜಾರ್ಜ್ ಗರ್ಶ್ವಿನ್, ಕೋಲ್ ಪೋರ್ಟರ್, ರಿಚರ್ಡ್ ರಾಜರ್ಸ್ ಮೊದಲಾದವರು ರಂಗಭೂಮಿ ಮತ್ತು ಸಿನಿಮಾಕ್ಕಾಗಿ ರಚಿಸಿದ್ದ ಹಳೆಯ ಹಾಡುಗಳಾದ್ದರಿಂದ, ಎಲ್ಲರಿಗೂ ಗೊತ್ತಿರುವ ಹಾಡನ್ನು ಹೊಸದಾಗಿ ಕೇಳಿಸುವ ಹೊಣೆ ಗಾಯಕರಷ್ಟೇ ವಾದ್ಯಸಂಯೋಜಕರ ಮೇಲೂ ಇತ್ತು.

‘ಇನ್ ದ ವೀ ಸ್ಮಾಲ್ ಅವರ್ಸ್’ ಎಂಬ ಆಲ್ಬಮ್ಮಿನ ಧ್ವನಿಮುದ್ರಣ ಬಹುಪಾಲು 1955ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ರಾತ್ರಿಗಳಲ್ಲಿ ನಡೆದು, ಏಪ್ರಿಲಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಹದಿನಾರು ಹಾಡುಗಳು, ಎಲ್ಲವೂ ವಿಳಂಬ ಕಾಲದವು, ಎಲ್ಲವೂ ಅಗಲಿಕೆಯವು. ಮುಖಪುಟದಲ್ಲಿ ನೀಲಿ ಛಾಯೆಯ ಖಾಲಿ ಬೀದಿಯಲ್ಲಿ ದೀಪದ ಕಂಬದ ಬಳಿ ಸಿಗರೇಟು ಹಿಡಿದು ನಿಂತ ಗಾಯಕ. ನಡುನಡುವೆ ಕುಣಿತದ ಹಾಡೊಂದನ್ನು ಸೇರಿಸಿ ಬೇಸರ ಕಳೆಯುವ ವ್ಯಾಪಾರದ ಲೆಕ್ಕಾಚಾರ ಇದರಲ್ಲಿ ಇಲ್ಲವೆಂಬುದೇ ಆ ಕಾಲಕ್ಕೆ ದೊಡ್ಡ ಧೈರ್ಯವಾಗಿತ್ತು. ಶೀರ್ಷಿಕೆಯ ಹಾಡೊಂದು ಹೊಸದು, ಉಳಿದವು ಹೆಚ್ಚಾಗಿ ಹಳೆಯವು. ರಿಡಲ್ ಕೆಲವು ಹಾಡುಗಳಿಗೆ ಪಿಟೀಲುಗಳ ಸಾಲನ್ನು ಬಳಸಿದರೆ, ಇನ್ನು ಕೆಲವಕ್ಕೆ ಗಿಟಾರ್, ಮಂದ್ರದ ಬಾಸ್, ಮೆಲುತಾಳ ಮತ್ತು ಚೆಲೆಸ್ತಾ ಇಷ್ಟನ್ನೇ ಉಳಿಸಿದರು. ಚೆಲೆಸ್ತಾ ಎಂದರೆ ಪಿಯಾನೊದಂತೆ ಕೀಲಿಗಳಿದ್ದು ಒಳಗೆ ತಂತಿಯ ಬದಲು ಉಕ್ಕಿನ ಪಟ್ಟಿಗಳಿರುವ, ಸಣ್ಣ ಗಂಟೆಗಳಂತೆ ನುಡಿಯುವ ವಾದ್ಯ. ದೊಡ್ಡ ವೃಂದದ ಹಾಡೊಂದರ ಬೆನ್ನಿಗೆ ನಾಲ್ಕೈದು ವಾದ್ಯಗಳ ಹಾಡು ಬಂದಾಗ, ಸಿನಾಟ್ರಾ ಒಂದು ಹೆಜ್ಜೆ ಹತ್ತಿರ ಬಂದಂತೆ ಭಾಸವಾಗುತ್ತದೆ. ಹಾಡುಗಳನ್ನು ಬಿಡಿಬಿಡಿಯಾಗಿ ಕೇಳಿದವರಿಗೆ ಈ ಅನುಭವ ದೊರೆಯುವುದಿಲ್ಲ. ದನಿಯಲ್ಲಿ 1940ರ ದಶಕದ ನುಣುಪು ಕಡಿಮೆಯಾಗಿ, ಸ್ವರದ ಅಂಚಿನಲ್ಲಿ ಸಣ್ಣ ಒರಟುತನ ಸೇರಿದ್ದೂ ಈ ಹಾಡುಗಳಿಗೆ ಒಪ್ಪಿದೆ.

ರಿಡಲ್ ಅವರ ಕೈಚಳಕ ದುಃಖದ ಹಾಡುಗಳಿಗೆ ಸೀಮಿತವಾಗಿರಲಿಲ್ಲ. 1956ರ ‘ಸಾಂಗ್ಸ್ ಫಾರ್ ಸ್ವಿಂಗಿಂಗ್ ಲವರ್ಸ್’ ಆಲ್ಬಮ್ಮಿನಲ್ಲಿ ಅವರು ಹೃದಯದ ಬಡಿತಕ್ಕೆ ಸಮೀಪವಾದ, ನಡಿಗೆಯ ವೇಗದ ಲಯವನ್ನು ಹಿಡಿದರು; ಈ ಲಯವೇ ತಮ್ಮಿಬ್ಬರ ಒಳ್ಳೆಯ ಕೆಲಸದ ಗುಟ್ಟೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿರುವ ಕೋಲ್ ಪೋರ್ಟರ್ ಅವರ ‘ಐ ಹ್ಯಾವ್ ಗಾಟ್ ಯು ಅಂಡರ್ ಮೈ ಸ್ಕಿನ್’ ಎಂಬ ಹಾಡಿನ ನಡುಭಾಗದಲ್ಲಿ ಟ್ರೊಂಬೋನುಗಳು ಮೆಲ್ಲಗೆ ಆರಂಭಿಸಿದ ಒಂದು ಸ್ವರಗುಚ್ಛ ಪದರ ಪದರವಾಗಿ ಬೆಳೆದು, ಮಿಲ್ಟ್ ಬರ್ನ್‌ಹಾರ್ಟ್ ಅವರ ಏಕವಾದನದಲ್ಲಿ ಸಿಡಿಯುತ್ತದೆ. ಫ್ರಾನ್ಸಿನ ರಾವೆಲ್ ರಚಿಸಿದ ‘ಬೊಲೆರೊ’ದ ಏರುವ ವಿನ್ಯಾಸ ಇದಕ್ಕೆ ಪ್ರೇರಣೆಯಾಗಿತ್ತು. ಕಾರು ಓಡಿಸುತ್ತ ಗುನುಗಬಹುದಾದ ಈ ಹಾಡನ್ನು ಸ್ಟುಡಿಯೊದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಮತ್ತೆ ಮತ್ತೆ ನುಡಿಸಿ ಹಾಡಿದ ಮೇಲಷ್ಟೇ ಸಿನಾಟ್ರಾ ತೃಪ್ತರಾದರು. ಆಗ ಗಾಯನವನ್ನು ಬೇರೆಯಾಗಿ, ವಾದ್ಯಗಳನ್ನು ಬೇರೆಯಾಗಿ ಮುದ್ರಿಸಿ ಸೇರಿಸುವ ಪದ್ಧತಿ ಈ ಬಗೆಯ ಕೆಲಸದಲ್ಲಿ ಬಳಕೆಯಲ್ಲಿರಲಿಲ್ಲವಾದ್ದರಿಂದ, ಒಬ್ಬರು ತಪ್ಪಿದರೆ ನಲವತ್ತು ಜನರೂ ಮೊದಲಿನಿಂದ ಆರಂಭಿಸಬೇಕಿತ್ತು.

1958ರ ‘ಓನ್ಲಿ ದ ಲೋನ್ಲಿ’ ಈ ಜೋಡಿಯ ಅತ್ಯಂತ ಗಾಢವಾದ ಕೃತಿ. ಅದನ್ನು ರೂಪಿಸುವ ಸಮಯದಲ್ಲಿ ರಿಡಲ್ ತಮ್ಮ ಎಳೆಯ ಮಗಳನ್ನೂ ತಾಯಿಯನ್ನೂ ಕಳೆದುಕೊಂಡಿದ್ದರು, ಮತ್ತು ಆ ವಾದ್ಯಸಂಯೋಜನೆಗಳ ಕತ್ತಲೆಗೆ ಆ ಸಾವುಗಳೇ ಕಾರಣವಿರಬಹುದೆಂದು ಅವರು ಭಾವಿಸಿದ್ದರು. ಮರದ ಊದುವಾದ್ಯಗಳ ಮಂದ್ರ ಸ್ವರಗಳನ್ನು ಪಿಟೀಲುಗಳ ಕೆಳಗೆ ಹಾಸಿ, ಗಾಯಕರು ನಿಲ್ಲುವ ಕಡೆಗಳಲ್ಲಿ ಮಾತ್ರ ಮೇಲೇಳುವಂತೆ ಅವರು ಬರೆದ ರೀತಿ ಯುರೋಪಿನ ಶಾಸ್ತ್ರೀಯ ವೃಂದಸಂಗೀತದ ಆಳವಾದ ಅಭ್ಯಾಸದಿಂದ ಬಂದದ್ದು. ನುಡಿಸಿದವರೂ ಅದೇ ಪರಂಪರೆಯವರು: ಕೆಲವು ದಿನಗಳ ಧ್ವನಿಮುದ್ರಣವನ್ನು ನಿರ್ದೇಶಿಸಿದ ಫೆಲಿಕ್ಸ್ ಸ್ಲಾಟ್ಕಿನ್, ಬೆಥೋವನ್ನರ ರಚನೆಗಳನ್ನು ನುಡಿಸುತ್ತಿದ್ದ ಹಾಲಿವುಡ್ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ಚತುರ್ವಾದ್ಯ ತಂಡದ ಮೊದಲ ಪಿಟೀಲುವಾದಕರು. ಆ ತಂಡವನ್ನೇ ಮುಂದಿಟ್ಟುಕೊಂಡು ಸಿನಾಟ್ರಾ 1957ರಲ್ಲಿ ‘ಕ್ಲೋಸ್ ಟು ಯು’ ಎಂಬ ಆಲ್ಬಮ್ಮನ್ನೂ ತಂದಿದ್ದರು. ಜನಪ್ರಿಯತೆಯಲ್ಲಿ ಹಿಂದುಳಿದ ಆ ಆಲ್ಬಮ್, ಸೂಕ್ಷ್ಮತೆಯಲ್ಲಿ ಉಳಿದ ಯಾವುದಕ್ಕೂ ಕಡಿಮೆಯಿಲ್ಲ. ಮರುಶೋಧಕ್ಕೆ ನಿಜವಾಗಿ ಅರ್ಹವಾದವುಗಳಲ್ಲಿ ಅದನ್ನು ಮೊದಲು ಹೆಸರಿಸಬೇಕು.

ಅದೇ ಕಂಪನಿಯ ಇನ್ನೊಬ್ಬ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ಮೃದುತ್ವವನ್ನು ಬೇರೆ ಹಿನ್ನೆಲೆಯಲ್ಲಿ ಗ್ರಹಿಸಬೇಕಾಗುತ್ತದೆ. ಅಲಬಾಮಾದ ಮಾಂಟ್‌ಗೊಮರಿಯಲ್ಲಿ 1919ರಲ್ಲಿ ಕಪ್ಪು ಜನಾಂಗದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, ಷಿಕಾಗೊದಲ್ಲಿ ಬೆಳೆದ ಕೋಲ್ ಮೊದಲಿಗೆ ಗಾಯಕರಲ್ಲ. ಪಿಯಾನೊ, ಗಿಟಾರ್, ಬಾಸ್ ಮೂರೇ ವಾದ್ಯಗಳ ತಂಡವನ್ನು 1937ರಲ್ಲಿ ಕಟ್ಟಿ, ಜಾಝ್ ಪಿಯಾನೊವಾದಕರಾಗಿ ಹೆಸರು ಮಾಡಿದವರು. ಸ್ವರಕ್ಕೂ ಸ್ವರಕ್ಕೂ ನಡುವಿನ ಬಿಡುವನ್ನು ಅಳೆಯುವ ಪಿಯಾನೊವಾದಕನ ಎಚ್ಚರ ಅವರ ಗಾಯನದಲ್ಲೂ ಉಳಿಯಿತು. ಶಬ್ದದ ಪ್ರತಿ ವ್ಯಂಜನ ಸ್ಪಷ್ಟವಾಗಿ ಕೇಳಿಸುವಂತೆ, ಆದರೆ ಯಾವುದಕ್ಕೂ ಒತ್ತು ಬೀಳದಂತೆ ಅವರು ಉಚ್ಚರಿಸುತ್ತಿದ್ದರು. 1956ರಲ್ಲಿ ಹಾಲಿವುಡ್ಡಿನ ವೈನ್ ಬೀದಿಯಲ್ಲಿ ಕ್ಯಾಪಿಟಲ್ ಕಂಪನಿ ಕಟ್ಟಿಸಿದ ಹದಿಮೂರು ಅಂತಸ್ತಿನ ದುಂಡನೆಯ ಗೋಪುರವನ್ನು ಜನ ನ್ಯಾಟ್ ಕಟ್ಟಿಸಿದ ಮನೆಯೆಂದೇ ಕರೆಯುತ್ತಿದ್ದರೆಂಬುದು ಅವರ ಧ್ವನಿಮುದ್ರಿಕೆಗಳ ಮಾರಾಟದ ಪ್ರಮಾಣವನ್ನು ಸೂಚಿಸುತ್ತದೆ. ಆ ಗೋಪುರದ ನೆಲದಡಿಯಲ್ಲಿ ಕಾಂಕ್ರೀಟಿನ ಪ್ರತಿಧ್ವನಿ ಕೋಣೆಗಳಿದ್ದವು. ಮೇಲಿನ ಸ್ಟುಡಿಯೊದ ದನಿಯನ್ನು ಅಲ್ಲಿನ ಧ್ವನಿವರ್ಧಕಕ್ಕೆ ಕಳಿಸಿ, ಗಟ್ಟಿ ಗೋಡೆಗಳಿಗೆ ಬಡಿದು ಹರಡಿದ ಅದರ ಅನುರಣನವನ್ನು ಇನ್ನೊಂದು ಮೈಕ್ರೊಫೋನಿನಿಂದ ಹಿಡಿದು, ಮೂಲದ ದನಿಗೆ ಹದವಾಗಿ ಬೆರೆಸುತ್ತಿದ್ದರು. ಅಲ್ಲಿ ಮುದ್ರಿತವಾದ ಆಲ್ಬಮ್‌ಗಳಲ್ಲಿ ದನಿಯ ಸುತ್ತ ಕೇಳಿಬರುವ ತಿಳಿಯಾದ ಆವರಣ ಹುಟ್ಟುತ್ತಿದ್ದದ್ದು ಹೀಗೆ.

ಆ ಗೋಪುರದಲ್ಲೇ 1956ರ ಕೊನೆಯಲ್ಲಿ ಮುದ್ರಿತವಾದ ‘ಲವ್ ಈಸ್ ದ ಥಿಂಗ್’ 1957ರಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದರ ವಾದ್ಯಸಂಯೋಜಕ ಗಾರ್ಡನ್ ಜೆಂಕಿನ್ಸ್ ಪಿಟೀಲುಗಳನ್ನು ಎತ್ತರದ ಸ್ವರಗಳಲ್ಲಿ ದಟ್ಟವಾಗಿ ಹರಿಸುವವರು. ರಿಡಲ್ ಅವರ ಸಂಯಮವನ್ನು ಮೆಚ್ಚುವವರಿಗೆ ಇದು ಕೆಲವೊಮ್ಮೆ ಅತಿಯೆನಿಸಬಹುದಾದರೂ, ಕೋಲ್ ಅವರ ದನಿ ಆ ಪ್ರವಾಹದ ನಡುವೆ ಅಲುಗದೆ ನಿಲ್ಲುವುದರಿಂದ ಇಲ್ಲಿ ಅದು ಸಲ್ಲುತ್ತದೆ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ‘ಆಫ್ಟರ್ ಮಿಡ್‌ನೈಟ್’ ಎಂಬ ಅದೇ ಕಾಲದ ಆಲ್ಬಮ್. ಕೋಲ್ ತಾವೇ ಪಿಯಾನೊದ ಮುಂದೆ ಕುಳಿತು, ಹ್ಯಾರಿ ಎಡಿಸನ್, ಸ್ಟಫ್ ಸ್ಮಿತ್ ಮೊದಲಾದ ಜಾಝ್ ವಾದಕರನ್ನು ಒಬ್ಬೊಬ್ಬರನ್ನಾಗಿ ಅತಿಥಿಗಳಾಗಿ ಕರೆದು ನುಡಿಸಿದ ಈ ಧ್ವನಿಮುದ್ರಿಕೆಯನ್ನು ಕೇಳಿದವರು, ಪಿಟೀಲುಗಳ ಮುಂದೆ ನಿಂತ ಆ ಸೌಮ್ಯ ಗಾಯಕನೊಳಗೆ ಎಂಥ ಲಯಗಾರನಿದ್ದನೆಂಬುದನ್ನು ಕಾಣುತ್ತಾರೆ.

ಆ ಸೌಮ್ಯತೆ ಸುಖದ ಬದುಕಿನಿಂದ ಬಂದದ್ದಲ್ಲ. 1948ರಲ್ಲಿ ಲಾಸ್ ಏಂಜಲಿಸ್ ನಗರದ ಬಿಳಿಯರ ಬಡಾವಣೆಯೊಂದರಲ್ಲಿ ಕೋಲ್ ಮನೆ ಕೊಂಡಾಗ ನೆರೆಯವರು ಸಂಘಟಿತರಾಗಿ ವಿರೋಧಿಸಿದರು. 1956ರ ಏಪ್ರಿಲ್ 10ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಬಿಳಿಯರಿಗೆಂದೇ ಏರ್ಪಟ್ಟ ಪ್ರದರ್ಶನದ ನಡುವೆ ವರ್ಣದ್ವೇಷಿಗಳು ವೇದಿಕೆಗೆ ನುಗ್ಗಿ ಅವರನ್ನು ಕೆಡವಿದರು. ಅತ್ತ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದವರು, ಇಂಥ ಪ್ರತ್ಯೇಕಿತ ಸಭೆಗಳಲ್ಲಿ ಹಾಡಲು ಒಪ್ಪಿದ್ದೇಕೆಂದು ಅವರನ್ನು ಕಟುವಾಗಿ ಪ್ರಶ್ನಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಅವರ ಹೆಸರಿನ ಟಿ.ವಿ. ಕಾರ್ಯಕ್ರಮ ಆರಂಭವಾಯಿತಾದರೂ, ದಕ್ಷಿಣದ ರಾಜ್ಯಗಳ ಗಿರಾಕಿಗಳಿಗೆ ಅಂಜಿ ರಾಷ್ಟ್ರಮಟ್ಟದ ಒಬ್ಬ ಪ್ರಾಯೋಜಕನೂ ಮುಂದೆ ಬರದೆ, 1957ರ ಡಿಸೆಂಬರಿನಲ್ಲಿ ಅದು ನಿಂತಿತು. 1965ರ ಫೆಬ್ರವರಿಯಲ್ಲಿ, 45ನೆಯ ವಯಸ್ಸಿನಲ್ಲಿ, ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ತಮ್ಮ ದನಿಯನ್ನು ಮನೆಯೊಳಗೆ ಬಿಟ್ಟುಕೊಂಡ ಜನ ತಮ್ಮನ್ನು ನೆರೆಯವರನ್ನಾಗಿ ಒಪ್ಪದಿದ್ದ ಕಾಲದಲ್ಲಿ, ಒಂದು ಸ್ವರವನ್ನೂ ಕಹಿಮಾಡದೆ ಹಾಡಿದ ಆ ನಿಗ್ರಹವನ್ನು ಸುಲಭದ ಸಂಗೀತವೆಂದು ತಳ್ಳಿಹಾಕಿದ್ದು ಅನ್ಯಾಯ.

ಉಳಿದವರಲ್ಲಿ ಕ್ಷೌರಿಕ ವೃತ್ತಿಯಿಂದ ಬಂದ ಪೆರ್ರಿ ಕೋಮೊ ಟಿ.ವಿ.ಯಿಂದ ಮನೆಮಾತಾದರು, ಅಮೆರಿಕದ ಧ್ವನಿಮುದ್ರಣೋದ್ಯಮದ ಸಂಸ್ಥೆ 1958ರಲ್ಲಿ ಮೊಟ್ಟಮೊದಲ ಅಧಿಕೃತ ಚಿನ್ನದ ತಟ್ಟೆಯ ಗೌರವವನ್ನು ಕೊಟ್ಟದ್ದು ಅವರ ಹಾಡಿಗೆ. ಅದೇ ವರ್ಷದ ಜಾನಿ ಮ್ಯಾಥಿಸ್ ಅವರ ಆಯ್ದ ಹಾಡುಗಳ ಎಲ್‌ಪಿ 490 ವಾರ ಮಾರಾಟದ ಪಟ್ಟಿಯಲ್ಲಿ ಉಳಿಯಿತು. ಜೂಲಿ ಲಂಡನ್ ಅವರ 1955ರ ಮೊದಲ ಆಲ್ಬಮ್ ಗಿಟಾರ್ ಮತ್ತು ಬಾಸ್ ಎರಡೇ ವಾದ್ಯಗಳಿಂದ ಏನನ್ನು ಸಾಧಿಸಬಹುದೆಂಬುದಕ್ಕೆ ಮಾದರಿ. ಸಿನಾಟ್ರಾ ಸ್ವತಃ ವೃಂದವನ್ನು ನಿರ್ದೇಶಿಸಿದ ಪೆಗ್ಗಿ ಲೀ ಅವರ 1957ರ ‘ದ ಮ್ಯಾನ್ ಐ ಲವ್’ ಅದಕ್ಕೆ ಸರಿಸಾಟಿ. ಹಾಗೆಂದು ಆ ಕಾಲದ ಸರಕೆಲ್ಲವೂ ಇಷ್ಟು ಒಳ್ಳೆಯದೆಂದು ಹೇಳಲಾಗದು. ಎಲ್‌ಪಿಗೆ ಬೇಡಿಕೆ ಏರಿದಂತೆ ಒಂದೆರಡು ಒಳ್ಳೆಯ ಹಾಡಿಗೆ ಹತ್ತು ಸಪ್ಪೆ ಹಾಡುಗಳನ್ನು ಸೇರಿಸಿ ತುಂಬಿದ ತಟ್ಟೆಗಳೂ, ಊಟದ ಹೊತ್ತಿನ ಹಿನ್ನೆಲೆಗೆಂದೇ ಅಳತೆ ಮಾಡಿ ತಯಾರಿಸಿದ ವಾದ್ಯಸಂಗೀತವೂ ರಾಶಿ ಬಿದ್ದವು. ಸಂಗೀತೋದ್ಯಮದ ಪತ್ರಿಕೆಯಾದ ‘ಬಿಲ್‌ಬೋರ್ಡ್’ 1961ರ ಜುಲೈಯಲ್ಲಿ ಈಸಿ ಲಿಸನಿಂಗ್ ಎಂಬ ಪ್ರತ್ಯೇಕ ಪಟ್ಟಿಯನ್ನು ಆರಂಭಿಸಿದಾಗ ಈ ಎಲ್ಲವೂ ಒಂದೇ ತಲೆಬರಹದಡಿ ಬಂದದ್ದರಿಂದ, ಕೋಲ್ ಮತ್ತು ಸಿನಾಟ್ರಾ ಅವರ ಕೃತಿಗಳೂ ಹೋಟೆಲಿನ ಲಿಫ್ಟುಗಳಲ್ಲಿ ಕೇಳಿಬರುವ ಸಂಗೀತದ ಸಾಲಿಗೆ ಸೇರಿದವು. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದ ಮೇಲೆ ಯುವಜನರ ಕಿವಿ ಪೂರ್ತಿಯಾಗಿ ಅತ್ತ ತಿರುಗಿತು.

ಈ ಹಾಡುಗಳು ಮರಳಿ ಬರಲು ಎರಡು ದಶಕಗಳು ಹಿಡಿದವು. ರಾಕ್ ಗಾಯಕಿಯೆಂದು ಹೆಸರಾಗಿದ್ದ ಲಿಂಡಾ ರಾನ್‌ಸ್ಟಾಟ್ 1983ರಲ್ಲಿ ವೃದ್ಧ ರಿಡಲ್ ಅವರನ್ನೇ ಹುಡುಕಿಕೊಂಡು ಹೋಗಿ, ಹಳೆಯ ಹಾಡುಗಳ ‘ವಾಟ್ಸ್ ನ್ಯೂ’ ಎಂಬ ಆಲ್ಬಮ್ಮನ್ನು ತಂದಾಗ ಅದು ಲಕ್ಷಾಂತರ ಪ್ರತಿ ಮಾರಾಟವಾಯಿತು. 1985ರಲ್ಲಿ ರಿಡಲ್ ತೀರಿಕೊಳ್ಳುವ ಮುನ್ನ ಆ ಜೋಡಿ ಒಟ್ಟು ಮೂರು ಆಲ್ಬಮ್‌ಗಳಿಗಾಗುವಷ್ಟು ಕೆಲಸ ಮಾಡಿತು. 1991ರಲ್ಲಿ ನ್ಯಾಟಲಿ ಕೋಲ್ ತಂದೆ ನ್ಯಾಟ್ ಕಿಂಗ್ ಕೋಲ್ ಅವರ ಮುದ್ರಿತ ದನಿಯೊಡನೆ ತಮ್ಮ ದನಿಯನ್ನು ಸೇರಿಸಿ ‘ಅನ್‌ಫರ್ಗೆಟಬಲ್’ ಹಾಡನ್ನು ಹಾಡಿದರು. 1994ರಲ್ಲಿ ಟೋನಿ ಬೆನೆಟ್ ಯುವಜನರ ಎಂಟಿವಿ ವಾಹಿನಿಯಲ್ಲಿ ತಮ್ಮ ಹಳೆಯ ಶೈಲಿಯಲ್ಲೇ ಹಾಡಿದ ಕಾರ್ಯಕ್ರಮದ ಆಲ್ಬಮ್ ಮರುವರ್ಷ ವರ್ಷದ ಶ್ರೇಷ್ಠ ಆಲ್ಬಮ್ಮೆಂದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಈಚೆಗೆ ವಿನೈಲ್ ತಟ್ಟೆಗಳ ಪುನರಾಗಮನವೂ ಇದಕ್ಕೆ ಕೂಡಿಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾಗಿ, 1987ರ ನಂತರ ಮೊದಲ ಸಲ ಸಿಡಿಗಳ ಸಂಖ್ಯೆಯನ್ನು ಮೀರಿದವು. ಐರೋಪ್ಯ ಒಕ್ಕೂಟದಲ್ಲಿ 1963ಕ್ಕೆ ಮೊದಲು ಪ್ರಕಟವಾದ ಧ್ವನಿಮುದ್ರಿಕೆಗಳ ಹಕ್ಕಿನ ಅವಧಿ ಮುಗಿದಿರುವುದರಿಂದ ಅಲ್ಲಿನ ಸಣ್ಣ ಕಂಪನಿಗಳೂ ಇವುಗಳನ್ನು ಅಗ್ಗದಲ್ಲಿ ಮರುಮುದ್ರಿಸುತ್ತಿವೆ.

ಹೊಸದಾಗಿ ಕೇಳಹೊರಟವರು ಪ್ರತಿಗಳ ಆಯ್ಕೆಯಲ್ಲಿ ಎಚ್ಚರ ವಹಿಸುವುದು ಒಳ್ಳೆಯದು. ದನಿಯನ್ನು ಎಡಬಲಕ್ಕೆ ಹಂಚಿ ಕೇಳಿಸುವ ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ವ್ಯಾಪಕವಾಗಿ ಬಂದದ್ದು 1958ರಲ್ಲಿ. ಅದಕ್ಕೆ ಮೊದಲಿನವು ಒಂದೇ ಮೂಲದಿಂದ ಕೇಳುವ ಮೋನೊ ಮುದ್ರಣಗಳು. 1961ರಿಂದ ಕ್ಯಾಪಿಟಲ್ ಕಂಪನಿ ಹಳೆಯ ಮೋನೊ ಮುದ್ರಣಗಳ ಮಂದ್ರ ಮತ್ತು ತಾರದ ಅಂಶಗಳನ್ನು ಸೋಸಿ ಬೇರೆಮಾಡಿ, ಒಂದನ್ನು ಕ್ಷಣಾಂಶ ತಡಮಾಡಿ, ‘ಡುಯೊಫೋನಿಕ್’ ಎಂಬ ಹೆಸರಿನಲ್ಲಿ ಕೃತಕ ಸ್ಟೀರಿಯೊವನ್ನಾಗಿಸಿ ಮಾರಿತು. ಗಾಯಕರ ಸಾಮೀಪ್ಯವೇ ಜೀವಾಳವಾದ ಹಾಡುಗಳಲ್ಲಿ ಈ ಸಂಸ್ಕಾರ ಆ ಸಾಮೀಪ್ಯವನ್ನೇ ಕೆಡಿಸುತ್ತದೆ. ಅಂಥ ಪ್ರತಿಗಳನ್ನು ಬಿಟ್ಟು ಮೂಲ ಮೋನೊವನ್ನೇ ಹುಡುಕಬೇಕು. ‘ಓನ್ಲಿ ದ ಲೋನ್ಲಿ’ಯ ಮೊದಲ ಸ್ಟೀರಿಯೊ ಎಲ್‌ಪಿಯಲ್ಲಿ ಮೋನೊದಲ್ಲಿದ್ದ ಎರಡು ಹಾಡುಗಳು ಜಾಗ ಸಾಲದೆ ಬಿಟ್ಟುಹೋಗಿವೆ ಎಂಬುದನ್ನೂ ನೆನಪಿಡಬೇಕು. ಸಿಡಿ ಮತ್ತು ಅಂತರ್ಜಾಲದ ಆವೃತ್ತಿಗಳಲ್ಲಿ ಕೊನೆಯ ಹಾಡಿನ ಬೆನ್ನಿಗೆ ಬೇರೆ ಸಂದರ್ಭದ ಹಾಡುಗಳನ್ನು ಉಡುಗೊರೆಯಂತೆ ಜೋಡಿಸಿರುತ್ತಾರೆ. ಮೂಲದ ಅನುಕ್ರಮ ಮುಗಿದ ಕಡೆ ನಿಲ್ಲಿಸುವುದೇ ಲೇಸು.

ಭಾರತಕ್ಕೆ ಈ ದನಿಗಳು ಬಂದ ದಾರಿಯೂ ಗಮನಾರ್ಹ. ಬ್ರಿಟನ್ನಿನ ಇಎಂಐ ಸಂಸ್ಥೆ 1955ರಲ್ಲಿ ಕ್ಯಾಪಿಟಲ್ ಕಂಪನಿಯನ್ನು ಕೊಂಡುಕೊಂಡಿತು. ಅದೇ ಸಂಸ್ಥೆಯ ಅಂಗವಾಗಿದ್ದ ಗ್ರಾಮಫೋನ್ ಕಂಪನಿ ಕಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ ಇಂಗ್ಲಿಷ್ ಎಲ್‌ಪಿಗಳನ್ನೂ ಒತ್ತುತ್ತಿತ್ತು. ರೇಡಿಯೊ ಸಿಲೋನಿನ ಇಂಗ್ಲಿಷ್ ಪ್ರಸಾರ ಉಳಿದ ಕೆಲಸ ಮಾಡಿತು. ಆದರೆ ಬೆಂಗಳೂರಿನ ದಂಡು ಪ್ರದೇಶದ ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಎಲ್ಲರಿಗಿಂತ ಆಪ್ತವಾದ ದನಿ ಟೆಕ್ಸಸ್ಸಿನ ಜಿಮ್ ರೀವ್ಸ್ ಅವರದು. ಅವರ 1963ರ ಕ್ರಿಸ್‌ಮಸ್ ಹಾಡುಗಳು ಇಂದಿಗೂ ಡಿಸೆಂಬರಿನಲ್ಲಿ ಕೇಳಿಬರುತ್ತವೆ. ಮೊದಲು ಗಟ್ಟಿಯಾಗಿ ಹಾಡುತ್ತಿದ್ದ ರೀವ್ಸ್, 1957ರ ‘ಫೋರ್ ವಾಲ್ಸ್’ ಹಾಡಿನಲ್ಲಿ ಮೈಕ್ರೊಫೋನಿಗೆ ತುಟಿ ತಾಗುವಷ್ಟು ಹತ್ತಿರ ಬಂದು ದನಿಯನ್ನು ತಗ್ಗಿಸಿದರು, ಅಲ್ಲಿಂದ ಅದೇ ಅವರ ಗುರುತಾಯಿತು. 1964ರ ಜುಲೈ 31ರಂದು ವಿಮಾನ ಅಪಘಾತದಲ್ಲಿ ಅವರು ಮಡಿದ ಮೇಲೂ ಉಳಿದ ಮುದ್ರಣಗಳಿಗೆ ಹೊಸ ವಾದ್ಯಗಳನ್ನು ಸೇರಿಸಿ ಎಲ್‌ಪಿಗಳನ್ನು ಹೊರತರಲಾಯಿತು. ಆ ಕಂಠದ ಸುತ್ತ ನಿರ್ಮಾಪಕ ಚೆಟ್ ಅಟ್ಕಿನ್ಸ್ ಹಿತಮಿತವಾಗಿ ಹೊಂದಿಸಿದ್ದ ವಾದ್ಯಗಳನ್ನು ಕೇಳಬೇಕೆಂದರೆ ರೀವ್ಸ್ ಬದುಕಿದ್ದಾಗ ಬಂದ ಎಲ್‌ಪಿಗಳೇ ಬೇಕು.

ಕನ್ನಡದಲ್ಲೂ ಅದೇ ಯಂತ್ರ ಅದೇ ಬಗೆಯ ಬದಲಾವಣೆಯನ್ನು ತಂದಿತು, ಸ್ವತಂತ್ರವಾಗಿ. ಕಂಪನಿ ನಾಟಕಗಳ ನಟರು ಕೊನೆಯ ಸಾಲಿನವರೆಗೆ ಮುಟ್ಟುವಂತೆ ತಾರದಲ್ಲಿ ಹಾಡುತ್ತಿದ್ದ ಪರಂಪರೆಯ ಪಕ್ಕದಲ್ಲೇ, ‘ಭಕ್ತ ಕನಕದಾಸ’ (1960), ‘ಕಸ್ತೂರಿ ನಿವಾಸ’ (1971) ಮೊದಲಾದ ಚಿತ್ರಗಳಲ್ಲಿ ರಾಜ್‌ಕುಮಾರ್ ಅವರ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಮಂದ್ರದಲ್ಲಿ, ಒತ್ತಡವಿಲ್ಲದೆ, ಮೈಕ್ರೊಫೋನನ್ನು ನಂಬಿ ಹಾಡಿದರು. ಆದರೆ ಒಂದು ವ್ಯತ್ಯಾಸವಿದೆ: ಸಿನಾಟ್ರಾ ಅವರ ಎಲ್‌ಪಿಗಳ ಮೇಲೆ ರಿಡಲ್ ಅವರ ಹೆಸರು ಅಚ್ಚಾಗಿರುವುದರಿಂದಲೇ ಇಂದು ಆ ವಾದ್ಯಸಂಯೋಜಕರ ಕೆಲಸವನ್ನು ಹಾಡು ಹಾಡಾಗಿ ಗುರುತಿಸಿ ಚರ್ಚಿಸಲು ಸಾಧ್ಯವಾಗಿದೆ. ಕನ್ನಡ ಚಿತ್ರಗೀತೆಗಳ ತಟ್ಟೆಗಳ ಮೇಲಾದರೋ ಸಾಮಾನ್ಯವಾಗಿ ಚಿತ್ರ, ಗಾಯಕರು, ಗೀತಕಾರ, ಸಂಗೀತ ನಿರ್ದೇಶಕರ ಹೆಸರುಗಳಿರುತ್ತವೆ. ಶ್ರೀನಿವಾಸ್ ಅವರ ದನಿಯ ಹಿಂದೆ ಪಿಟೀಲು, ಕೊಳಲು, ಸಿತಾರುಗಳನ್ನು ಹೊಂದಿಸಿದವರ ಮತ್ತು ನುಡಿಸಿದವರ ಹೆಸರುಗಳನ್ನು, ಆ ಸ್ಟುಡಿಯೊಗಳಲ್ಲಿ ಕುಳಿತಿದ್ದವರು ಇನ್ನೂ ನಮ್ಮ ನಡುವೆ ಇರುವಾಗಲೇ, ಹಾಡು ಹಾಡಾಗಿ ಬರೆದಿಟ್ಟುಕೊಳ್ಳಬೇಕಾಗಿದೆ.